ಹೊಗೆ ಒಲೆಯಲ್ಲಿ, ದೋಷ ಮಾಡಿನಲ್ಲಿ: ಹೆಂಚಿನ ಮನೆಯ ಚಿಮಣಿ ತೊಂದರೆ ಪತ್ತೆ ಮಾಡುವುದು ಹೇಗೆ

ಸೌದೆ ಒಲೆಗೆ ಚಿಮಣಿ ಹಾಕಿಸಿದ ಮೇಲೂ ಮನೆಯೊಳಗೆ ಹೊಗೆ ತುಂಬುತ್ತಿದ್ದರೆ ಎಲ್ಲರೂ ಮೊದಲು ಬೈಯುವುದು ಒಲೆಯನ್ನು. ಕಟ್ಟಿದವರನ್ನು ಕರೆಸಿ ಬಾಯಿ ಕಿರಿದು ಮಾಡಿಸುತ್ತಾರೆ. ಅದೂ ಆಗದಿದ್ದರೆ ಒಡೆದು ಹೊಸದು ಕಟ್ಟಿಸುತ್ತಾರೆ. ಹೊಗೆ ಮಾತ್ರ ಹಾಗೇ ಇರುತ್ತದೆ. ನಮ್ಮ ಮಲೆನಾಡಿನ ಹೆಂಚಿನ ಮನೆಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಹೊಗೆ ಕಾಣುವುದು ಒಲೆಯ ಬಾಯಲ್ಲಿ, ದೋಷ ಇರುವುದು ಹೆಚ್ಚಾಗಿ ಕೊಳವೆ ಮುಚ್ಚಿಗೆ (ಕೋಣೆಯ ಮೇಲಿನ ಹಲಗೆ ಹೊದಿಕೆ) ದಾಟಿ ಮಾಡಿನಿಂದ (ಹೆಂಚಿನ ಚಾವಣಿಯಿಂದ) ಹೊರಗೆ ಹೋಗುವ ಜಾಗದಲ್ಲಿ. ಅದಕ್ಕೇ ಹಾರೆ ಹಿಡಿಯುವ ಮೊದಲು ಏಣಿ ಹತ್ತಿ ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಳವೆ ಪಕ್ಕದ ಪಕಾಸಿಯೋ (ಮಾಡು ಹೊರುವ ಓರೆ ಮರ) ಮುಚ್ಚಿಗೆಯ ಹಲಗೆಯೋ ಕಪ್ಪಾಗಿದ್ದರೆ, ಅಟ್ಟದಲ್ಲಿ ಸುಟ್ಟ ಮರದ ವಾಸನೆ ಬರುತ್ತಿದ್ದರೆ, ಉಳಿದದ್ದೆಲ್ಲ ಆಮೇಲೆ. ಇವತ್ತೇ ಒಲೆ ಹಚ್ಚುವುದು ನಿಲ್ಲಿಸಿ. ಕೆಳಗೆ ‘ಮರ ಕಪ್ಪಾಗಿದ್ದರೆ’ ಅನ್ನುವ ಭಾಗವನ್ನು ಮೊದಲು ಓದಿ.

ಯಾವ ಒಲೆ, ಎಂಥ ಮಾಡು

ನಾನು ಹೇಳುತ್ತಿರುವುದು ಎರಡು ಥರದ ಒಲೆಗಳ ವಿಚಾರ. ಒಂದು, ಅಡುಗೆಮನೆಯ ಅಸ್ತ್ರ ಒಲೆ ಮತ್ತು ಅದೇ ಜಾತಿಯವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ, ಮೂರು ಪಾತ್ರೆ ಕೂರುವ, ಹಿಂದೆ ಕೊಳವೆ ಇರುವ ಒಲೆ ಅದು. 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಬಂತು. ಇನ್ನೊಂದು, ಬಚ್ಚಲಿನ ಹಂಡೆ ಒಲೆ. ಎರಡಕ್ಕೂ ಸಾಮಾನ್ಯವಾಗಿ ಹಾಕುವುದು 4 ಇಂಚಿನ ಕೊಳವೆ.

ನಮ್ಮ ಹಳೆ ಮನೆಗಳು ಕೊಳವೆಗೆಂದು ಕಟ್ಟಿದವಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಹೆಂಚು ಇದೆಯಲ್ಲ, ಅದರ ಸಂದಿಯಲ್ಲೇ ಹೊಗೆ ಹೊರಗೆ ಹೋಗುತ್ತಿತ್ತು. ಹೋಗುವ ದಾರಿಯಲ್ಲಿ ಅಟ್ಟದ ಸಾಮಾನು ಒಣಗಿಸಿ, ಪಕಾಸಿಗೆ, ಅದರ ಮೇಲೆ ಹೆಂಚು ಕೂರುವ ರೀಪಿಗೆಲ್ಲ ಇಲ್ಲಣ (ಹೊಗೆಯ ಮಸಿ) ಹಿಡಿಸಿ, ಹುಳ ಬೀಳದಂತೆ ಕಾಯುತ್ತಿತ್ತು. “ಹೊಗೆ ನಿಂತ್ರೆ ಮಾಡಿಗೆ ಕುಟ್ಟೆ ಹಿಡಿಯುತ್ತೆ” ಎಂದು ಅಜ್ಜಿಯಂದಿರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಆ ಹೊಗೆಯನ್ನು ಮೊದಲು ಕುಡಿಯುತ್ತಿದ್ದದ್ದು ಅವರ ಎದೆಯೇ. ಮರಕ್ಕೆ ಗೇರೆಣ್ಣೆ ಹಚ್ಚಿ ಹುಳ ತಡೆಯಬಹುದು, ಕೊಳವೆಯ ಹತ್ತಿರ ಮಾತ್ರ ಎಣ್ಣೆ ಬೇಡ. ಎದೆಗೆ ಹಚ್ಚುವ ಎಣ್ಣೆ ಯಾವುದೂ ಇಲ್ಲ.

ಹಾಗಾಗಿ ಕೊಳವೆ ಬಂದದ್ದು ಆಮೇಲೆ. ಯಾರೋ ಒಬ್ಬರು ಮುಚ್ಚಿಗೆಗೆ ತೂತು ಕೊರೆದು, ಒಂದು ಹೆಂಚು ತೆಗೆದು, ಕೊಳವೆ ತೂರಿಸಿ, ಸುತ್ತ ಸಿಮೆಂಟು ಮೆತ್ತಿ ಇಳಿದಿರುತ್ತಾರೆ. ನಾವು ಹುಡುಕಬೇಕಾದ ದೋಷಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಅವತ್ತೇ.

ಕೊಳವೆಯ ಎಳೆತ ಎಷ್ಟು ಸಣ್ಣದು

ಒಳಗಿನ ಗಾಳಿ ಬಿಸಿಯಾಗಿ ಹಗುರಾಗುತ್ತದೆ, ಹೊರಗಿನ ತಣ್ಣನೆ ಗಾಳಿ ಭಾರ. ಆ ವ್ಯತ್ಯಾಸವೇ ಹೊಗೆಯನ್ನು ಮೇಲೆ ದಬ್ಬುವುದು. ಹೊರಗೆ 30 ಡಿಗ್ರಿ, ಕೊಳವೆಯೊಳಗೆ 150 ಡಿಗ್ರಿ, ಎತ್ತರ 3 ಮೀಟರ್ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಎಳೆತ 10 ಪಾಸ್ಕಲ್ ಹತ್ತಿರ ಬರುತ್ತದೆ. ಅಂದರೆ ನೀರನ್ನು ಬರೀ 1 ಮಿಲಿಮೀಟರ್ ಎತ್ತುವಷ್ಟು ಬಲ. ಒಂದು ಗಾಳಿಯ ಬೀಸು, ಒಂದು ಎಕ್ಸಾಸ್ಟ್ ಫ್ಯಾನು, ತಿರುವಿನಲ್ಲಿ ಕೂತ ಒಂದು ಹಿಡಿ ಮಸಿ ಸಾಕು, ಅದು ಸೋಲುತ್ತದೆ. ಕೊಳವೆ ತಣ್ಣಗಿದ್ದರಂತೂ ಎಳೆತವೇ ಇಲ್ಲ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಅರ್ಧ ಕೆಲಸ ಸುಲಭ.

ಹೊಗೆ ಯಾವಾಗ ಬರುತ್ತದೆ ಎಂದು ಕೇಳಿ

“ಹೊಗೆ ಬರುತ್ತೆ” ಅನ್ನುವುದು ಅರ್ಧ ಮಾಹಿತಿ. ದಿನಾ ಒಲೆ ಮುಂದೆ ಕೂರುವವರನ್ನು ಕೇಳಿ: ಯಾವ ಹೊತ್ತಿನಲ್ಲಿ, ಯಾವ ಹವೆಯಲ್ಲಿ, ಎಲ್ಲಿಂದ? ಉತ್ತರದಲ್ಲೇ ಮುಕ್ಕಾಲು ಪಾಲು ಪತ್ತೆಯಾಗುತ್ತದೆ.

ಬೆಳಿಗ್ಗೆ ಹಚ್ಚುವಾಗ ಮಾತ್ರ ಹೊಗೆ, ಸ್ವಲ್ಪ ಹೊತ್ತಿನ ಮೇಲೆ ಸರಿ. ಇದು ತಣ್ಣನೆ ಕೊಳವೆ. ಒಲೆ ಹಚ್ಚುವ ಮೊದಲು ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿಯಿರಿ. ಹೊಗೆಯ ಎಳೆ ಒಳಗೆ ಹೋದರೆ ಎಳೆತ ಇದೆ. ನಿಮ್ಮ ಮುಖದ ಕಡೆ ಬಂದರೆ ತಣ್ಣನೆ ಗಾಳಿ ಕೊಳವೆಯಲ್ಲಿ ಕೆಳಗೆ ಇಳಿಯುತ್ತಿದೆ. ಮಸಿ ತೆಗೆಯುವ ಬಾಗಿಲಲ್ಲಿ ಒಂದು ಕಾಗದದ ಉಂಡೆ ಉರಿಸಿ ಕೊಳವೆ ಬಿಸಿ ಮಾಡಿದರೆ ಸಾಕು, ರಿಪೇರಿ ಬೇಡ.

ಮೊದಲು ಚೆನ್ನಾಗಿತ್ತು, ತಿಂಗಳು ಕಳೆದಂತೆ ಹೆಚ್ಚಾಯಿತು. ಇದು ಕಟ್ಟಿಕೊಂಡ ಮಸಿ. ಮೊದಲು ನೋಡಬೇಕಾದ್ದು ಮುಚ್ಚಿಗೆ ಕೆಳಗಿನ ತಿರುವು. ತೊಲೆ ತಪ್ಪಿಸಲು ಅಲ್ಲಿ ನೇರ ಮೂಲೆಯ ಬೆಂಡ್ ಹಾಕಿರುತ್ತಾರೆ, ಉದುರಿದ ಮಸಿಯೆಲ್ಲ ಅಲ್ಲೇ ಕೂರುತ್ತದೆ. ಬೆರಳ ಗೆಣ್ಣಿನಿಂದ ಕೊಳವೆಯನ್ನು ಕೆಳಗಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಟಣ್ ಅನ್ನುವ ಸದ್ದು ದಪ್ ಅಂತ ಬದಲಾದ ಕಡೆ ಮಸಿ ಇದೆ. ಒಂದು ನೇರ ಮೂಲೆಯ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿದರೆ ಹೊಗೆಯೂ ಸರಾಗ, ತೆಗೆಯುವುದೂ ಸುಲಭ. ಆಮೇಲೆ ಮೇಲಿನ ಟೋಪಿ. ಅದಕ್ಕೆ ಹಕ್ಕಿ ಬರದಂತೆ ಕಟ್ಟಿದ ಜಾಲರಿಯ ಕಣ್ಣು ಸಣ್ಣದಿದ್ದರೆ ಮಸಿ ಮೆತ್ತಿಕೊಂಡು ಪೂರಾ ಮುಚ್ಚುತ್ತದೆ.

ಗಾಳಿ ಬೀಸಿದಾಗ ಮಾತ್ರ ಗುಬುಕ್ಕನೆ ಹೊಗೆ ವಾಪಸ್ ಬಂದರೆ ಕೊಳವೆಯ ತುದಿ ಗಿಡ್ಡ. ಗಾಳಿ ಮಾಡಿನ ನೆತ್ತಿ ದಾಟಿ ಆ ಕಡೆ ಇಳಿಯುವಾಗ ಕೊಳವೆಯ ಬಾಯಿಗೇ ಒತ್ತುತ್ತದೆ. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಇದಕ್ಕೊಂದು ಸರಳ ಲೆಕ್ಕ ಇದೆ, ನಮ್ಮ ಮಾಡಿಗೂ ಸರಿಹೊಂದುತ್ತದೆ: ಕೊಳವೆ ಮಾಡು ದಾಟುವ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು, ಜೊತೆಗೆ ಸುತ್ತ 10 ಅಡಿಯೊಳಗಿನ ಮಾಡಿಗಿಂತ 2 ಅಡಿ ಮೇಲಿರಬೇಕು. ಸೂರಿನ ಹತ್ತಿರ ಹೊರಟ ಕೊಳವೆಗಿಂತ ನೆತ್ತಿಯ ಹತ್ತಿರ ಹೊರಟದ್ದು ಯಾವಾಗಲೂ ಮೇಲು. ಉದ್ದಕ್ಕೆ ಒಂಟಿಯಾಗಿ ನಿಲ್ಲಿಸಬೇಕಾಗಿಲ್ಲ, ಅರ್ಧ ಪಾಲು ಅಟ್ಟದೊಳಗೆ ಬೆಚ್ಚಗಿರುತ್ತದೆ.

ಬಾಗಿಲು ಕಿಟಕಿ ಹಾಕಿದಾಗ ಹೊಗೆ, ತೆರೆದರೆ ಸರಿ. ಇಲ್ಲಿ ದೋಷ ಕೊಳವೆಯದ್ದಲ್ಲ, ಒಳಗೆ ಬರುವ ಗಾಳಿ ಸಾಲುತ್ತಿಲ್ಲ. ಈಗೀಗ ಇದು ಜಾಸ್ತಿ. ಅಡುಗೆಮನೆ ರಿಪೇರಿ ಮಾಡಿಸಿ, ಗ್ಯಾಸ್ ಒಲೆ ಮೇಲೆ ಕರೆಂಟಿನ ಚಿಮಣಿಯನ್ನೋ ಎಕ್ಸಾಸ್ಟ್ ಫ್ಯಾನನ್ನೋ ಹಾಕಿಸಿರುತ್ತಾರೆ. ಅದು ಹೊರಗೆ ದಬ್ಬುವ ಗಾಳಿಗೆ ಬದಲಿ ಗಾಳಿ ಸೌದೆ ಒಲೆಯ ಕೊಳವೆಯಿಂದಲೇ ಇಳಿಯುತ್ತದೆ, ಹೊಗೆ ಸಮೇತ. ಫ್ಯಾನು ಆರಿಸಿ ನೋಡಿ, ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಇಲ್ಲವೇ ಕಿಟಕಿ ತೆರೆದಿಡಿ.

ಸದಾ ಹೊಗೆ, ಮೊದಲ ದಿನದಿಂದಲೂ. ಇಲ್ಲಿ ಮಾತ್ರ ಒಲೆಯನ್ನು ನೋಡಿ. ಅಸ್ತ್ರ ಒಲೆಯಲ್ಲಿ ಮೂರು ಕುಳಿಯ ಮೇಲೂ ಪಾತ್ರೆ ಬಿಗಿಯಾಗಿ ಕೂತಿರಬೇಕು. ಎರಡನೆಯ ಕುಳಿ ಖಾಲಿ ಬಿಟ್ಟರೆ ಕೊಳವೆ ಅಲ್ಲಿಂದ ಬರೀ ತಣ್ಣನೆ ಗಾಳಿ ಎಳೆಯುತ್ತದೆ, ಬೆಂಕಿಯ ಕಡೆ ಎಳೆತವೇ ಉಳಿಯುವುದಿಲ್ಲ. ಪಾತ್ರೆ ಇಲ್ಲದಾಗ ಮುಚ್ಚಳ ಇಡಿ. ಅದೂ ಸರಿಯಿದ್ದರೆ ಕೊಳವೆಯ ಅಗಲ ಕೇಳಿ. “ದೊಡ್ಡದಿದ್ರೆ ಒಳ್ಳೇದಲ್ವಾ” ಎಂದು 6 ಇಂಚಿನದು ಹಾಕಿಸಿದವರಿದ್ದಾರೆ. 4 ಇಂಚಿನದಕ್ಕಿಂತ ಅದರ ಬಾಯಿ ಎರಡೂಕಾಲು ಪಟ್ಟು ದೊಡ್ಡದು. ಅಷ್ಟೇ ಹೊಗೆ ಅದರಲ್ಲಿ ನಿಧಾನಕ್ಕೆ ಏರುತ್ತದೆ, ದಾರಿಯಲ್ಲೇ ತಣ್ಣಗಾಗುತ್ತದೆ.

ಕಂದು ನೀರು ತೊಟ್ಟಿಕ್ಕುತ್ತಿದ್ದರೆ

ಮುಚ್ಚಿಗೆಯ ತೂತಿನ ಹತ್ತಿರ ಕೊಳವೆಯ ಮೇಲೆ ಕಂದು ಬಣ್ಣದ ಗೆರೆ, ಕೆಳಗೆ ನೆಲದ ಮೇಲೆ ಕಲೆ. ನೋಡಿದವರು “ಮಾಡು ಸೋರ್ತಿದೆ” ಅನ್ನುತ್ತಾರೆ. ಮೇಸ್ತ್ರಿ ಬಂದು ಮೇಲೆ ಇನ್ನಷ್ಟು ಸಿಮೆಂಟು ಮೆತ್ತುತ್ತಾರೆ. ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಏಕೆಂದರೆ ಅದು ಮಳೆ ನೀರೇ ಅಲ್ಲ.

ಒಂದು ಹನಿ ಬೆರಳಿಗೆ ತೆಗೆದುಕೊಳ್ಳಿ. ಹೆಬ್ಬೆರಳಿನ ಜೊತೆ ಉಜ್ಜಿ. ಅಂಟಂಟಾಗಿದ್ದು, ಬಣ್ಣ ಗಟ್ಟಿ ಕಷಾಯದ ಹಾಗಿದ್ದು, ಕೈ ತೊಳೆದರೂ ಹೊಗೆ ವಾಸನೆ ಹೋಗದಿದ್ದರೆ ಅದು ಹೊಗೆಯೇ ತಣಿದು ನೀರಾದದ್ದು. ಮಳೆ ಇಲ್ಲದ ದಿನ, ಒಲೆ ಉರಿಯುತ್ತಿರುವಾಗ ತೊಟ್ಟಿಕ್ಕಿದರೆ ಅನುಮಾನವೇ ಬೇಡ. ಮಳೆ ನೀರು ತೆಳ್ಳಗಿರುತ್ತದೆ, ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುತ್ತದೆ.

ಹೊಗೆಯಲ್ಲಿ ನೀರಿನ ಆವಿಯೂ ಇದೆ, ಟಾರಿನಂಥ ಜಿಡ್ಡೂ ಇದೆ. ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಆ ಜಿಡ್ಡು ಕೊಳವೆಯ ಗೋಡೆಗೆ ಹತ್ತಲು ಶುರುವಾಗುತ್ತದೆ. ಸೌದೆ ಹಸಿಯಿದ್ದರೆ ಇನ್ನೂ ಕೆಟ್ಟದ್ದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದ್ದರಲ್ಲಿ 20 ಶೇಕಡಕ್ಕಿಂತ ಕಡಿಮೆ. ಆ ನೀರನ್ನೆಲ್ಲ ಆವಿ ಮಾಡುವುದರಲ್ಲೇ ಬೆಂಕಿಯ ಕಾವು ಮುಗಿದು, ತಣ್ಣನೆ ಹೊಗೆ ಮೇಲೆ ಹೋಗುತ್ತದೆ. ಆಷಾಢದ ಮಳೆಯಲ್ಲಿ ಅಟ್ಟದ ಮೇಲೆ ನಿಂತ ಬರಿ ತಗಡಿನ ಕೊಳವೆ ಎಷ್ಟು ತಣ್ಣಗಿರುತ್ತದೆ ಎಂದು ಮುಟ್ಟಿ ನೋಡಿದವರಿಗೆ ಗೊತ್ತು.

ಹಾಗಾದರೆ ಆ ರಸ ಕೊಳವೆಯ ಹೊರಗೆ ಏಕೆ ಬಂತು? ಇಲ್ಲಿದೆ ನಿಜವಾದ ತಪ್ಪು. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಒಂದು ತುದಿ ಇನ್ನೊಂದರ ಒಳಗೆ ಕೂರುತ್ತದೆ. ಕೆಲಸದವರು ಸಹಜವಾಗಿ ಕೆಳಗಿನ ತುಂಡನ್ನು ಮೇಲಿನದರ ಒಳಗೆ ತೂರಿಸುತ್ತಾರೆ. ಹೊಗೆ ಮೇಲೆ ಹೋಗುತ್ತದಲ್ಲ, ಸಂದಿಯಿಂದ ಹೊರಗೆ ಬರಬಾರದು ಅನ್ನುವ ಯೋಚನೆ ಅದು. ಮೇಲ್ನೋಟಕ್ಕೆ ಸರಿ. ಆದರೆ ಕೊಳವೆ ಎಳೆಯುತ್ತಿರುವಾಗ ಸಂದಿಯಿಂದ ಹೊಗೆ ಹೊರಗೆ ಬರುವುದಿಲ್ಲ, ಕೋಣೆಯ ಗಾಳಿಯೇ ಒಳಗೆ ಹೋಗುತ್ತದೆ. ಕೆಳಗೆ ಇಳಿಯುವ ರಸ ಮಾತ್ರ ಪ್ರತಿ ಸಂದಿಯಲ್ಲೂ ಹೊರಗೆ ಹಾರುತ್ತದೆ. ಮನೆಯ ಒಳಗಿನ ಭಾಗದಲ್ಲಿ ಜೋಡಿಸಬೇಕಾದ್ದು ತಿರುವು ಮುರುವು: ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ರಸ ಕೊಳವೆಯೊಳಗೇ ಇಳಿದು, ಒಲೆಯ ಕಾವಿಗೆ ಬಂದು ಸುಟ್ಟುಹೋಗುತ್ತದೆ.

ಮಾಡಿನ ಹೊರಗೆ ಇದೇ ಜೋಡಣೆ ಮಾಡಿದರೆ ಕೊಳವೆಯ ಮೈಮೇಲೆ ಇಳಿಯುವ ಮಳೆ ನೀರು ಸಂದಿಗೆ ನುಗ್ಗುತ್ತದೆ. ಅದಕ್ಕೆ ಮಾಡು ದಾಟುವ ಜಾಗದಲ್ಲಿ, ಅಟ್ಟದಿಂದ ಟೋಪಿಯವರೆಗೆ, ಸಂದಿಯೇ ಇಲ್ಲದ ಒಂದೇ ತುಂಡು ಇರಲಿ. ಎಲ್ಲ ಸಂದಿಗಳೂ ಒಳಗೆ, ಕಣ್ಣಿಗೆ ಕಾಣುವ ಕಡೆ ಇರಲಿ.

ಮಳೆ ನೀರೇ ಸೋರುತ್ತಿದ್ದರೆ

ಹೆಚ್ಚು ಕಡಿಮೆ ಎಲ್ಲ ಕಡೆ ತಪ್ಪಿತಸ್ಥ ಒಂದೇ, ಕೊಳವೆ ಸುತ್ತ ಮೆತ್ತಿದ ಸಿಮೆಂಟು. 3 ಮೀಟರ್ ಕಬ್ಬಿಣದ ಕೊಳವೆ 100 ಡಿಗ್ರಿ ಬಿಸಿ ಏರಿದರೆ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ದಿನಾ ಈ ಎಳೆದಾಟ ತಡೆಯಲು ಸಿಮೆಂಟಿನ ಕೈಲಿ ಆಗುವುದಿಲ್ಲ, ಕೂದಲೆಳೆಯ ಬಿರುಕು ಬಿಡುತ್ತದೆ. ನಮ್ಮ ಮಳೆಗೆ ಅಷ್ಟು ಸಾಕು. ಆಮೇಲೆ ಅದರ ಮೇಲೆ ಟಾರು ಸುರಿಯುತ್ತಾರೆ, ಟಾರ್ಪಾಲು ಕಟ್ಟುತ್ತಾರೆ. ಬಿಸಿ ಕೊಳವೆಯ ಪಕ್ಕ ಎರಡೂ ಬೆಂಕಿಗೆ ಕರೆ ಕೊಟ್ಟಂತೆ. ಮುಲಾಜಿಲ್ಲದೆ ಕಿತ್ತುಹಾಕಿ.

ಬೇಕಾದ್ದು ಜಿಐ (ಸತು ಲೇಪದ ಕಬ್ಬಿಣ) ತಗಡಿನ ಅಗಲವಾದ ಹಾಳೆ, ನಡುವೆ ಕೊಳವೆಗಿಂತ ಚೂರು ದೊಡ್ಡ ತೂತು, ತೂತಿನ ಸುತ್ತ ನಾಲ್ಕೈದು ಇಂಚಿನ ಎದ್ದ ಕೊರಳು. ಹಾಳೆಯ ಮೇಲಿನ ಅಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ಹೋಗಬೇಕು, ಕೆಳಗಿನ ಅಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಕೂರಬೇಕು. ಬಹಳ ಕಡೆ ಹಾಳೆಯನ್ನು ಪೂರ್ತಿ ಹೆಂಚಿನ ಮೇಲೇ ಹಾಸಿರುತ್ತಾರೆ, ಮೇಲಿಂದ ಬಂದ ನೀರು ಅದರ ಅಡಿಗೆ ಸಲೀಸಾಗಿ ಹೋಗುತ್ತದೆ. ಹಾಳೆಯನ್ನು ಕೊಳವೆಗೆ ಅಂಟಿಸಬೇಡಿ, ಕೊಳವೆ ತನ್ನ ಪಾಡಿಗೆ ಏರಿ ಇಳಿಯಲಿ. ಬದಲಿಗೆ ಕೊರಳಿನ ಮೇಲೆ, ಕೊಳವೆಗೆ ಬಿಗಿದ ಸಣ್ಣ ತಗಡಿನ ಛತ್ರಿಯೊಂದು ಇರಲಿ. ನೀರು ಛತ್ರಿಯಿಂದ ಹಾಳೆಗೆ, ಹಾಳೆಯಿಂದ ಹೆಂಚಿಗೆ ಜಾರುತ್ತದೆ.

ಹಳೆಯ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಇದ್ದು ಬಿರುಕು ಬಿಟ್ಟಿದ್ದರೆ ತೇಪೆ ಹಾಕಲು ಹೋಗಬೇಡಿ, ಬದಲಾಯಿಸಿ. ತೆಗೆಯುವಾಗ ಗರಗಸ ಹಚ್ಚಬೇಡಿ, ನೀರು ಹೊಡೆದು ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಅದರ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಮರ ಕಪ್ಪಾಗಿದ್ದರೆ

ಈಗಾಗಲೇ ಕಪ್ಪು ಕಂಡವರು ಒಲೆ ಹಚ್ಚದೆ ಕೆಳಗಿನ ಚಾಕುವಿನ ಪರೀಕ್ಷೆ ಮಾಡಿ. ಇನ್ನೂ ಏನೂ ಕಾಣದವರು ಒಲೆ ಒಂದು ಗಂಟೆ ಚೆನ್ನಾಗಿ ಉರಿದ ಮೇಲೆ ಟಾರ್ಚು ಹಿಡಿದು ಅಟ್ಟ ಹತ್ತಿ. ಕೊಳವೆಗೆ ಹತ್ತಿರದ ಪಕಾಸಿ, ರೀಪು, ಮುಚ್ಚಿಗೆಯ ತೂತಿನ ಅಂಚು, ಇಷ್ಟಕ್ಕೂ ಅಂಗೈಯ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಗಮನ ಇರಲಿ. ಕೈ ಇಡಲು ಆಗದಷ್ಟು ಬಿಸಿಯಿದ್ದರೆ ಒಲೆ ಆರಿಸಿ ಬನ್ನಿ. ಹಳೆ ಮನೆಯಲ್ಲಿ ಮರವೆಲ್ಲ ಇಲ್ಲಣದಿಂದ ಮೊದಲೇ ಕಪ್ಪಾಗಿರುತ್ತದೆ, ಕಣ್ಣು ಮೋಸ ಹೋಗುತ್ತದೆ. ಚಾಕುವಿನಿಂದ ಕೆರೆದು ನೋಡಿ. ಇಲ್ಲಣವಾದರೆ ತೆಳ್ಳಗೆ ಎದ್ದು ಬಂದು ಒಳಗೆ ಮರದ ಬಣ್ಣ ಕಾಣುತ್ತದೆ. ಮರವೇ ಸುಟ್ಟಿದ್ದರೆ ಚಾಕು ಒಳಗಿಳಿದಷ್ಟೂ ಕಂದು, ಪುಡಿಪುಡಿ, ಮೇಲೆ ಸಣ್ಣ ಸಣ್ಣ ಚೌಕದ ಬಿರುಕು.

ಇದು ಒಂದೇ ದಿನದಲ್ಲಿ ಆಗುವುದಲ್ಲ, ಅದೇ ಅಪಾಯ. ಮರ ಉರಿ ಹತ್ತಲು ಸಾಮಾನ್ಯವಾಗಿ 250 ಡಿಗ್ರಿಗಿಂತ ಜಾಸ್ತಿ ಬೇಕು. ಆದರೆ ವರ್ಷಗಟ್ಟಲೆ ಬಿಸಿಯಲ್ಲಿ ಒಣಗಿ ಒಣಗಿ ಇದ್ದಿಲಾಗುತ್ತಾ ಬಂದ ಮರ ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲೂ ಹತ್ತಿಕೊಳ್ಳಬಹುದು. “ಹತ್ತು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ” ಎಂದು ಸಮಾಧಾನ ಪಡುವ ವಿಷಯ ಇದಲ್ಲ. ಹತ್ತು ವರ್ಷ ಆಗಿದೆ ಎಂಬುದೇ ಭಯಪಡಬೇಕಾದ ಮಾತು.

ಒಂಟಿ ಪದರದ ಕೊಳವೆಗೂ ಮರಕ್ಕೂ ನಡುವೆ 18 ಇಂಚು ಬಿಡಬೇಕು ಎನ್ನುತ್ತದೆ ಅಮೆರಿಕದ ಅಗ್ನಿ ಸುರಕ್ಷತೆ ನಿಯಮ. ಅಂದರೆ 4 ಇಂಚಿನ ಕೊಳವೆಗೆ ಎರಡೂ ಕಡೆ ಸೇರಿ 40 ಇಂಚು. ಪಕಾಸಿಗಳ ನಡುವೆ ಅಷ್ಟು ಜಾಗ ನಮ್ಮಲ್ಲಿ ಎಲ್ಲೂ ಇರುವುದಿಲ್ಲ. ಅದೇ ನಿಯಮದ ಪ್ರಕಾರ ಒಂಟಿ ಪದರದ ಕೊಳವೆ ಮುಚ್ಚಿಗೆ, ಅಟ್ಟ ದಾಟಲೇಕೂಡದು. ನನಗೂ ಅದೇ ಸರಿ ಅನ್ನಿಸುತ್ತದೆ. ಒಲೆಯಿಂದ ಮುಚ್ಚಿಗೆ ಹತ್ತಿರದವರೆಗೆ ಒಂಟಿ ಕೊಳವೆ ಇರಲಿ. ಅಲ್ಲಿಂದ ಮಾಡು ದಾಟುವವರೆಗೆ ಎರಡು ಪದರದ, ನಡುವೆ ಶಾಖ ತಡೆಯುವ ರಾಕ್‌ವೂಲ್ ತುಂಬಿದ ಸ್ಟೀಲ್ ಕೊಳವೆ ಹಾಕಿಸಿ. ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ ಬಂದ ಇಂಥ ಕೊಳವೆಗಳಿಗೆ ಸಾಮಾನ್ಯವಾಗಿ 2 ಇಂಚಿನ ಅಂತರ ಸಾಕಾಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದಕ್ಕೆ ಆ ಭರವಸೆ ಇಲ್ಲ, ಜಾಸ್ತಿ ಜಾಗ ಬಿಡಿ. ಬೇಕಾದರೆ ಬಡಗಿಯನ್ನು ಕರೆಸಿ ಒಂದು ಪಕಾಸಿ ನಡುವೆ ಕತ್ತರಿಸಿ, ಮೇಲೆ ಕೆಳಗೆ ಅಡ್ಡ ತುಂಡು ಕೂರಿಸಿ, ಅಕ್ಕಪಕ್ಕದ ಪಕಾಸಿಗೆ ಭಾರ ಹೊರಿಸಿ. ಒಳಗಿನ ಕೊಳವೆ ಬೆಚ್ಚಗಿರುವುದರಿಂದ ಎಳೆತ ಹೆಚ್ಚುತ್ತದೆ, ಕಂದು ರಸವೂ ಕಡಿಮೆಯಾಗುತ್ತದೆ. ಒಂದೇ ಖರ್ಚಿಗೆ ಮೂರು ದೋಷ ಹೋಗುತ್ತದೆ.

ಬಿಟ್ಟ ಅಂತರ ಖಾಲಿಯೇ ಇರಬೇಕು. ಇಲಿ ಬರುತ್ತೆ, ಗಾಳಿ ಬರುತ್ತೆ ಎಂದು ತೆಂಗಿನ ನಾರು, ಗೋಣಿ, ಥರ್ಮೋಕೋಲ್ ತುರುಕಿದ್ದನ್ನು ಕಂಡಿದ್ದೇನೆ. ತಗಡಿನ ತಟ್ಟೆಯಿಂದ ಮುಚ್ಚಿದರೆ ಆಯಿತು. ಮರದ ಮೇಲೆ ತಗಡನ್ನು ನೇರ ಹೊಡೆದರೂ ಉಪಯೋಗ ಇಲ್ಲ, ತಗಡು ಕಾದು ಮರವನ್ನೂ ಕಾಯಿಸುತ್ತದೆ. ನಡುವೆ 1 ಇಂಚು ಗಾಳಿ ಆಡಬೇಕು. ಅಟ್ಟದಲ್ಲಿ ಕೊಳವೆಯ ಸುತ್ತ ಸೋಗೆ, ಅಡಿಕೆ ಹಾಳೆ, ಗರಟೆ ಮೂಟೆ ಏನೂ ಬೇಡ.

ಮಾಡು ಮುಟ್ಟುವುದೇ ಬೇಡ ಅನ್ನುವವರು ಕೊಳವೆಯನ್ನು ಗೋಡೆಯಿಂದ ಹೊರಗೆ ತೆಗೆದು ಸೂರಿನಾಚೆ ಎತ್ತಬಹುದು. ಮರದ ಭಯ ಕಡಿಮೆ. ಆದರೆ ಹೊರಗೆ ನಿಂತ ಕೊಳವೆ ತಣ್ಣಗೆ, ನಮ್ಮ ಉದ್ದ ಸೂರು ದಾಟಲು ಅಡ್ಡ ಕೊಳವೆಯೂ ಬೇಕು. ಮಸಿ ಬೇಗ ಕಟ್ಟುತ್ತದೆ.

ಕೊಳವೆಯೊಳಗೇ ಬೆಂಕಿ ಹತ್ತಿದರೆ

ಆ ಅಂಟು ಜಿಡ್ಡು ಒಣಗಿ ಹೊಳೆಯುವ ಕಪ್ಪು ಪದರವಾಗಿದ್ದರೆ ಅದು ಉರಿಯುವ ವಸ್ತು. ಪದರ 3 ಮಿಲಿಮೀಟರ್ ದಪ್ಪ ಆಗುವುದರೊಳಗೆ ತೆಗೆಸಿ. ಹಗ್ಗಕ್ಕೆ ತೆಂಗಿನ ನಾರಿನ ಗಂಟು ಕಟ್ಟಿ, ಕೆಳಗೆ ಒಂದು ಭಾರ ತೂಗುಹಾಕಿ, ಮೇಲಿಂದ ಇಳಿಸಿ ಎಳೆದರೆ ಮೆದು ಮಸಿ ಬರುತ್ತದೆ. ಗಟ್ಟಿಯಾದ ಜಿಡ್ಡಿಗೆ ತಂತಿಯ ಬ್ರಷ್ಷೇ ಬೇಕು.

ಹತ್ತಿಕೊಂಡರೆ ಭೋರ್ ಎಂಬ ಸದ್ದು ಬರುತ್ತದೆ, ಮೇಲೆ ಕಿಡಿ ಹಾರುತ್ತದೆ, ಕೊಳವೆ ಕೆಂಪಾಗಬಹುದು. ಒಳಗಿನ ಬಿಸಿ 1000 ಡಿಗ್ರಿ ದಾಟುವುದುಂಟು. ಮಕ್ಕಳು ಮರಿ, ವಯಸ್ಸಾದವರನ್ನು ಮೊದಲು ಹೊರಗೆ ಕಳಿಸಿ. ಒಲೆಯ ಬಾಯಿ, ಬೂದಿ ಬಾಗಿಲು ಎರಡನ್ನೂ ಮುಚ್ಚಿ ಗಾಳಿ ತಪ್ಪಿಸಿ. ಕೊಳವೆಯೊಳಗೆ ನೀರು ಸುರಿಯಬೇಡಿ, ಒಮ್ಮೆಲೇ ಏಳುವ ಆವಿ ಕೊಳವೆಯನ್ನೇ ಸಿಡಿಸಬಹುದು. 101 ಅಥವಾ 112ಕ್ಕೆ ಫೋನ್ ಮಾಡಿ. ಸದ್ದು ನಿಂತ ಮೇಲೂ ಅಟ್ಟದ ಮರ ಒಳಗೊಳಗೇ ಹೊಗೆಯಾಡುತ್ತಿರಬಹುದು, ಗಂಟೆಗಟ್ಟಲೆ ಕಣ್ಣಿಟ್ಟಿರಿ. ಅಂಥ ಕೊಳವೆಯನ್ನು ಪೂರ್ತಿ ಬಿಚ್ಚಿ ನೋಡದೆ ಮತ್ತೆ ಒಲೆ ಹಚ್ಚಬಾರದು.

ರಿಪೇರಿ ಆದ ಮೇಲೆ

ಮೊದಲ ದಿನ ಸಣ್ಣ ಉರಿ ಸಾಕು. ಊದುಬತ್ತಿಯನ್ನು ಒಲೆ ಬಾಯಿಗೆ, ಆಮೇಲೆ ಪ್ರತಿ ಸಂದಿಗೆ ಹಿಡಿದು ನೋಡಿ. ಕಿಟಕಿ ಹಾಕಿ ಒಮ್ಮೆ, ತೆರೆದು ಒಮ್ಮೆ. ಕೊಳವೆಯ ದಾರಿ ಮುಚ್ಚುವ ಅಡ್ಡತಗಡು (ಡ್ಯಾಂಪರ್) ಇದ್ದರೆ, ಕೆಂಡ ಇರುವಾಗ ಅದನ್ನು ಮುಚ್ಚಬೇಡಿ. ಆಗ ಹೊಗೆ ಕಾಣುವುದಿಲ್ಲ, ಆದರೆ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಯಲ್ಲಿ ತುಂಬುತ್ತದೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಬಚ್ಚಲಿನಲ್ಲಿ ಇದು ಜೀವಕ್ಕೇ ಅಪಾಯ. ತಲೆಭಾರ, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.

ಮಾರನೇ ದಿನ ದೊಡ್ಡ ಉರಿ ಹಾಕಿ, ಗಂಟೆ ಬಿಟ್ಟು ಅಟ್ಟ ಹತ್ತಿ, ಅದೇ ಪಕಾಸಿಗಳನ್ನು ಮತ್ತೆ ಮುಟ್ಟಿ. ಮಳೆಗಾಲ ಶುರುವಾಗುವ ಮೊದಲು ಕೊಳವೆಯ ಸುತ್ತ ನಾಲ್ಕು ಕೊಡ ನೀರು ಸುರಿದು ಕೆಳಗೆ ಒಬ್ಬರು ನಿಂತು ನೋಡಲಿ. ಹೆಂಚು ಒದ್ದೆಯಿರುವಾಗ ಮಾತ್ರ ಮಾಡಿನ ಮೇಲೆ ಕಾಲಿಡಬೇಡಿ, ಏಣಿಯ ಮೇಲೆ ನಿಂತೇ ನೀರು ಹೊಯ್ಯಿರಿ.